ಹಾಜರಿ ಪುಸ್ತಕದಲ್ಲಿ ಆಂಜಿನಮ್ಮ

ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಆಂಜಿನಮ್ಮನಿಗೆ ತನ್ನ ಹೆಸರು ಸಿಗಲಿಲ್ಲ.

ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಹೊನ್ನೇಕುಪ್ಪ ಮಂಡಲ ಪಂಚಾಯತಿಯ ಆಫೀಸಿನಲ್ಲಿ ಮೀಟಿಂಗು ಶುರುವಾಗುವುದರಲ್ಲಿತ್ತು. ಸೆಕ್ರೆಟರಿ ಸುಬ್ಬರಾಯಪ್ಪ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬ ಮೆಂಬರಿನ ಹತ್ತಿರವೂ ಹೋಗಿ ಸಹಿ ಹಾಕಿಸಿಕೊಂಡು ಬಂದಿದ್ದ. ಕೊನೆಗೆ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದ ಅವಳ ಮುಂದೆ ಬಂದು ಇಂಕು ಪ್ಯಾಡಿನ ಮುಚ್ಚಳ ತೆಗೆದು ಹಿಡಿದ. ಹಿಂದಿನ ಮೂರು ಮೀಟಿಂಗಿನಲ್ಲೂ ಅವಳ ಎಡಗೈ ಹೆಬ್ಬೆರಳನ್ನು ತಾನೇ ಒತ್ತಿಸಿ, ಪುಸ್ತಕ ಮಡಚಿ ಎತ್ತಿಕೊಂಡು ಹೋಗಿದ್ದ. ಈ ಸಲ ಅವಳು ಬೆರಳು ಚಾಚಲಿಲ್ಲ.

"ಪೆನ್ನು ಕೊಡಿ ಸ್ವಾಮಿ, ಸೈನ್ ಹಾಕ್ತೀನಿ" ಎಂದಳು.

"ಓಹೋ, ಸೈನೇ!" ಸುಬ್ಬರಾಯಪ್ಪನಿಗೆ ನಗು ಬಂತು. ಜೇಬಿನಿಂದ ಪೆನ್ನು ತೆಗೆದು ಕೊಟ್ಟು, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ. "ಹದಿಮೂರನೇ ಲೈನು ನಿಂದು. ಬೇಗ ಆಗ್ಲಿ."

ಅವಳು ಮೊದಲ ಸಾಲಿನಿಂದಲೇ ಬೆರಳಿಟ್ಟುಕೊಂಡು ಬಂದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದೇ ಅಕ್ಷರವನ್ನು ಕೂಡಿಸಿಕೊಳ್ಳುತ್ತ, ತುಟಿ ಅಲ್ಲಾಡಿಸುತ್ತ ಓದಿದಳು. ಮೊದಲನೆಯದರಲ್ಲಿ 'ಶ್ರೀ ನರಸಿಂಹಪ್ಪನವರು, ಪ್ರಧಾನರು' ಎಂದಿತ್ತು. ಅದರ ಕೆಳಗೆ ಶ್ರೀ ಇನ್ನೊಬ್ಬರು, ಶ್ರೀ ಮತ್ತೊಬ್ಬರು. ಆರನೆಯದರಲ್ಲಿ 'ಶ್ರೀಮತಿ ಗಂಗರತ್ನಮ್ಮನವರು'. ಹದಿಮೂರಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿ 'ಆಂಜಿ ಕೋಂ ಯಲ್ಲಿಗ' ಎಂದಿತ್ತು. ಕೋಂ ಎಂದರೆ ಇಂಥವನ ಹೆಂಡತಿ ಎಂದು ಅವಳಿಗೆ ರೇಷನ್ ಕಾರ್ಡಿನಿಂದ ಗೊತ್ತಿತ್ತು.

"ಸ್ವಾಮಿ, ಇದ್ರಾಗೆ ನನ್ ಹೆಸ್ರಿಲ್ಲ."

"ಅಲ್ಲೇ ಐತಲ್ಲೇ, ನಿನ್ ಬೆರಳ ಕೆಳಗೇ."

"ಇದು ಆಂಜಿ ಅಂತೈತೆ."

"ಅದು ನೀನೇ ತಾನೆ?"

ಆಂಜಿನಮ್ಮ ಪೆನ್ನಿನ ಕ್ಯಾಪು ಮುಚ್ಚಿ ಪುಸ್ತಕದ ಮೇಲಿಟ್ಟಳು.

ಮುಳಬಾಗಿಲ ಆಂಜನೇಯನಿಗೆ ಹರಕೆ ಹೊತ್ತು ಪಡೆದ ಮಗಳು ಅವಳು. ಅಪ್ಪ ಇಟ್ಟ ಹೆಸರು ಪೂರ್ತಿಯಾಗಿ ಕೇಳಿಸುತ್ತಿದ್ದುದು ಅಪ್ಪನ ಬಾಯಲ್ಲಿ ಮಾತ್ರ. ಕಾಲನಿ ದಾಟಿ ಊರಿನ ಬೀದಿಗೆ ಕಾಲಿಡುವ ಹೊತ್ತಿಗೆ ಅದರಲ್ಲಿ ಅರ್ಧ ಉದುರಿಹೋಗುತ್ತಿತ್ತು. ಹೆಸರಿನ ಕೊನೆಗೆ ಅಪ್ಪ ಅಮ್ಮ ಅಂಟಿಕೊಂಡಿರುವುದೆಲ್ಲ ಜಮೀನಿದ್ದವರಿಗೆ. ಕಾಲನಿಯವರು ಮುನಿಗ, ಯಲ್ಲಿಗ, ಪಾಪಿ, ಆಂಜಿ. ಎಪ್ಪತ್ತು ದಾಟಿದ್ದ ದೊಡ್ಡಮುನಿಯಮ್ಮನನ್ನು ಊರಿನವರ ಹಾಲುಹಲ್ಲು ಬೀಳದ ಮಗು "ಲೇ ಮುನೀ, ಬಾರೆ ಇಲ್ಲಿ" ಎನ್ನುತ್ತಿತ್ತು. ಮುದುಕಿ ಸೊಂಟ ಹಿಡಿದುಕೊಂಡು ಎದ್ದು "ಬಂದೆ ಬುದ್ಧಿ" ಎನ್ನುತ್ತಿದ್ದಳು. ಅದರಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಸಾರಿಗೆ ಉಪ್ಪು ಹಾಕುವಷ್ಟೇ ಸಲೀಸಾಗಿ ಆಡುವ ಮಾತು ಅದು. ಉಳುಮೆಯ ಸಾಲು ಸೊಟ್ಟಗಾದರೆ, ಹುಳಿ ಹಳಸಿದರೆ, ಮಗುವಿನ ಮೂಗು ಸೋರಿದರೆ ಊರಿನವರ ಬಾಯಿಗೆ ಮೊದಲು ಬರುತ್ತಿದ್ದ ಬೈಗುಳ ಆಂಜಿನಮ್ಮನ ಜಾತಿಯ ಹೆಸರೇ. ಅವಳು ಎದುರಿಗಿದ್ದರೂ ಅನ್ನುತ್ತಿದ್ದರು. ಅವಳಿಗೆ ಅನ್ನುತ್ತಿರಲಿಲ್ಲ, ಹಳಸಿದ ಹುಳಿಗೆ ಅನ್ನುತ್ತಿದ್ದರು, ಅಷ್ಟೆ.

ಹದಿನೆಂಟು ವರ್ಷ ಅವಳು ನರಸಿಂಹಪ್ಪನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದಿದ್ದಳು. ನರಸಿಂಹಪ್ಪನ ಹೆಂಡತಿ ವೆಂಕಟರತ್ನಮ್ಮ ಒಳ್ಳೆಯ ಹೆಂಗಸು. ಹಬ್ಬಕ್ಕೆ ಸೀರೆ ಕೊಡುವಳು, ಮೈಗೆ ಹುಷಾರಿಲ್ಲದಿದ್ದರೆ ಮಾತ್ರೆ ತರಿಸಿಕೊಡುವಳು. ಬಂದ ನೆಂಟರ ಮುಂದೆ, "ನಮ್ಮ ಆಂಜಿ ಚಿನ್ನದಂಥೋಳು ಕಣ್ರೀ. ಎಷ್ಟು ಚೊಕ್ಕಟ ಅಂತೀರಾ! ಆ ಜಾತಿ ಅಂತ ಹೇಳಕ್ಕೇ ಆಗಲ್ಲ" ಎಂದು ಹೊಗಳುವಳು. ಅದನ್ನು ಕೇಳಿ ಆಂಜಿನಮ್ಮ ತಲೆತಗ್ಗಿಸಿ ನಕ್ಕು, ಮನೆಗೆ ಬಂದು ಗಂಡನಿಗೆ ಹೇಳಿ ಹಿಗ್ಗಿದ್ದೂ ಉಂಟು.

ಹಿಗ್ಗು ಒಡೆದದ್ದು ಅಂಗನವಾಡಿಯ ಬಾಗಿಲಲ್ಲಿ. ಎರಡು ವರ್ಷದ ಕೆಳಗೆ ಕೊನೆಯ ಮಗಳನ್ನು ಬಿಡಲು ಹೋದ ದಿನ, ಮಗುವಿನ ಗೊಣ್ಣೆಯನ್ನು ಸೆರಗಿನಿಂದ ಒರೆಸುತ್ತ ಅವಳೂ ಊರಿನವರಂತೆಯೇ ಬೈದಿದ್ದಳು, ಅದೇ ಮಾತಿನಲ್ಲಿ. ಶ್ರೀನಿವಾಸಪುರದ ಕಡೆಯಿಂದ ಹೊಸದಾಗಿ ಬಂದಿದ್ದ ಟೀಚರು ಭಾರತಮ್ಮ ಬರೆಯುತ್ತಿದ್ದುದನ್ನು ನಿಲ್ಲಿಸಿ ತಲೆಯೆತ್ತಿದಳು.

"ನಿಮ್ಮನ್ನ ನೀವೇ ಯಾಕಮ್ಮ ಬೈಕೊಳ್ತೀರಾ?"

ಆಂಜಿನಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಟೀಚರು 'ನೀವು' ಎಂದದ್ದು ಯಾರಿಗೆ ಎಂದು. ಹಿಂದೆ ಯಾರೂ ಇರಲಿಲ್ಲ; ಬೇಲಿಯ ಆಚೆ ಒಂದು ಎಮ್ಮೆ ನಿಂತಿತ್ತು.

"ನಿಮ್ಮ ಹೆಸರೇನು?"

"ಆಂಜಿ."

"ಪೂರ್ತಿ ಹೆಸರು?"

ಬೇರೆ ಯಾರದೋ ಹೆಸರು ಹೇಳುವವಳಂತೆ ಅವಳು ಮೆಲ್ಲಗೆ ಹೇಳಿದಳು. ಭಾರತಮ್ಮ ಅದನ್ನು ಬರೆದುಕೊಂಡಳು. ಆವತ್ತಿನಿಂದ ಆ ಅಂಗನವಾಡಿಯಲ್ಲಿ ಅವಳು ಆಂಜಿನಮ್ಮ.

ಈ ವರ್ಷ, ಎಂಬತ್ತೇಳರ ಜನವರಿಯಲ್ಲಿ, ಮಂಡಲ ಪಂಚಾಯತಿಗೆ ಮೊದಲ ಸಲ ಚುನಾವಣೆ ಬಂತು. ಕಾಲನಿಯ ಹೆಂಗಸರಿಗೆ ಒಂದು ಸೀಟು ಎಂದು ಗೊತ್ತಾದಾಗ ನರಸಿಂಹಪ್ಪನೇ, "ನಮ್ಮ ಆಂಜಿನ ನಿಲ್ಲಿಸಿ. ಹೇಳ್ದಂಗೆ ಕೇಳ್ಕೊಂಡಿರ್ತಾಳೆ" ಎಂದ. ನಿಲ್ಲಿಸಿದರು, ಗೆದ್ದಳು. ಗೆದ್ದ ಮಾರನೆಯ ದಿನವೂ ಬುಟ್ಟಿ ಹಿಡಿದು ತೋಟಕ್ಕೆ ಹೋದಳು. ಮೊದಲ ಮೀಟಿಂಗಿನಿಂದ ನೀಲಿ ಹೆಬ್ಬೆಟ್ಟಿನೊಂದಿಗೆ ಬಂದವಳನ್ನು ಕಂಡು ಭಾರತಮ್ಮ ಕೈಹಿಡಿದು ನಿಲ್ಲಿಸಿದಳು.

"ಮೆಂಬರಾಗಿ ಹೆಬ್ಬೆಟ್ಟು ಒತ್ತಿ ಬಂದ್ರಾ? ನಾಳೆಯಿಂದ ಬನ್ನಿ, ಮಕ್ಕಳು ಮಲಗಿದ ಮೇಲೆ."

ಹೀಗೆ ಮಧ್ಯಾಹ್ನದ ಹೊತ್ತು, ಸಾಲಾಗಿ ಮಲಗಿದ ಮಕ್ಕಳ ನಡುವೆ ಸ್ಲೇಟು ಬಳಪ ಹಿಡಿದು ಅವಳು ಕಲಿತಳು. 'ಆಂಜಿ' ಹತ್ತು ದಿನಕ್ಕೆ ಬಂತು. ಉಳಿದದ್ದು ತಿಂಗಳು ಹಿಡಿಯಿತು. 'ಮ್ಮ' ಬರೆಯುವಾಗ ಕೆಳಗಿನ ಒತ್ತು ಕೈಗೆ ಸಿಗದೆ ಏಡಿಯಂತೆ ಅಡ್ಡಡ್ಡ ಹೋಗುತ್ತಿತ್ತು. ಒಂದು ದಿನ ಭಾರತಮ್ಮ ಅವಳು ಬರೆದ ಹೆಸರಿನ ಮೊದಲೆರಡು ಅಕ್ಷರವನ್ನು ಅಂಗೈಯಿಂದ ಮುಚ್ಚಿ, "ಉಳಿದದ್ದು ಓದಿ" ಎಂದಳು.

"ನ... ಮ್ಮ. ನಮ್ಮ."

"ಊರಿನೋರು ನಿಮ್ಮ ಹೆಸರಲ್ಲಿ ಇಷ್ಟನ್ನ ತಾವು ಇಟ್ಕೊಂಡು ನಿಮಗೆ ಆಂಜಿ ಅಂತ ಬಿಟ್ಟಿದ್ದಾರೆ."

ಆಂಜಿನಮ್ಮ ಸ್ಲೇಟು ಒರೆಸಿ, ಹೆಸರನ್ನು ಮತ್ತೆ ಪೂರ್ತಿಯಾಗಿ ಬರೆದಳು.

ಇವತ್ತಿನ ಮೀಟಿಂಗಿಗೆ ಸಹಿ ಹಾಕಬೇಕೆಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಬಂದಿದ್ದಳು. ಆದರೆ ಇವತ್ತೇ ಈ ಮೀಟಿಂಗು ಎಲ್ಲಕ್ಕಿಂತ ದೊಡ್ಡದಾಗಿತ್ತು. ಸರ್ಕಾರದಿಂದ ಮೂರು ಬೋರು ಬಂದಿದ್ದವು. ಒಂದು ಸ್ಕೂಲಿನ ಹತ್ತಿರ, ಒಂದು ನರಸಿಂಹಪ್ಪನ ಬೀದಿಗೆ, ಇನ್ನೊಂದು ಕಾಲನಿಗೆ. ತೀರ್ಮಾನದ ಕಾಗದ ನಾಲ್ಕು ಗಂಟೆಯ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗದಿದ್ದರೆ ಮೂರೂ ಬೇರೆ ಮಂಡಲಕ್ಕೆ. ಹದಿನೇಳು ಮೆಂಬರುಗಳಲ್ಲಿ ಎಂಟು ಮಂದಿ ವಕ್ಕಲೇರಿಯ ಮದುವೆಗೆ ಹೋಗಿ ಕೂತಿದ್ದರು. ಉಳಿದವರು ಒಂಬತ್ತು. ಒಂಬತ್ತು ಸಹಿ ಇಲ್ಲದೆ ಮೀಟಿಂಗು ಮೀಟಿಂಗೇ ಅಲ್ಲವೆಂದು ಸುಬ್ಬರಾಯಪ್ಪನೇ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳುತ್ತಿದ್ದ.

ಕಿಟಕಿಯ ಹೊರಗೆ ಹೊಂಗೆಮರದ ಕೆಳಗೆ ಅವಳ ಗಂಡ ಕುಕ್ಕುರುಗಾಲಲ್ಲಿ ಕೂತಿದ್ದ. ಬೋರು ಆಯಿತೋ ಇಲ್ಲವೋ ಎಂದು ತಿಳಿದುಕೊಂಡೇ ಬಾ ಎಂದು ಕಾಲನಿಯ ಹೆಂಗಸರು ಅವನನ್ನು ಅಟ್ಟಿದ್ದರು.

"ಏನಂತೆ ಸುಬ್ಬರಾಯಪ್ಪ, ಇನ್ನೂ ಆಗ್ಲಿಲ್ವಾ?" ಮೇಜಿನ ಹಿಂದಿನಿಂದ ನರಸಿಂಹಪ್ಪ ಕೇಳಿದ.

"ಹೆಸರು ಸರಿಯಿಲ್ವಂತೆ ಸಾರ್."

"ಯಾರದು?"

"ಆಂಜಿದು."

ನಾಲ್ಕೈದು ಮಂದಿ ನಕ್ಕರು. ನರಸಿಂಹಪ್ಪನೂ ನಕ್ಕ. "ಆಂಜೀ, ಹೊತ್ತಾಯ್ತು ಕಣೇ. ಎಲ್ಲೋ ಒಂದ್ ಕಡೆ ಗೀಚಿ ಹೋಗು. ನಿಮ್ ಬೋರೂ ಇದ್ರಾಗೇ ಐತೆ, ಗೊತ್ತಲ್ಲ?"

ಆಂಜಿನಮ್ಮ ಎದ್ದು ನಿಂತಳು. ಬೆಂಚಿನ ಅಂಚು ಹಿಡಿದುಕೊಂಡಳು.

"ಸ್ವಾಮಿ, ಆಂಜಿ ಅನ್ನೋರು ಯಾರೂ ಮೀಟಿಂಗ್‌ಗೆ ಬಂದಿಲ್ಲ. ಬಂದಿರೋಳು ಆಂಜಿನಮ್ಮ. ಆ ಹೆಸ್ರು ಬರ್ಕೊಂಡ್ರೆ ಸೈನ್ ಹಾಕ್ತಾಳೆ."

ನಗು ನಿಂತಿತು. ಸುಬ್ಬರಾಯಪ್ಪ ಪ್ರಧಾನರ ಮುಖ ನೋಡಿದ. "ನೋಡು, ವೋಟರ್ ಲಿಸ್ಟ್‌ನಾಗೆ ಹೆಂಗಿದೆಯೋ ಹಂಗೇ ಬರೀಬೇಕು. ನನ್ ಕೈಯಾಗೇನಿದೆ? ರೂಲ್ಸು."

"ಪ್ರಧಾನರ ಹೆಸ್ರು ವೋಟರ್ ಲಿಸ್ಟ್‌ನಾಗೆ ಶ್ರೀ ಅಂತ ಐತಾ ಸ್ವಾಮಿ? ಕೊನೇಗೆ ನವರು ಅಂತ ಐತಾ?"

ಸುಬ್ಬರಾಯಪ್ಪ ಪುಸ್ತಕದ ಮೊದಲ ಸಾಲು ನೋಡಿದ. ತಾನೇ ದುಂಡಗೆ ಬರೆದದ್ದು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮತ್ತೆ ತೆಗೆದ.

"ಅಯ್ಯೋ, ಅದಕ್ಕೆಲ್ಲ ಯಾಕೆ ಬೇಜಾರು ಮಾಡ್ಕೊಳ್ತೀಯೇ?" ನರಸಿಂಹಪ್ಪ ಮಗುವಿಗೆ ತಿಳಿಹೇಳುವವನಂತೆ ದನಿ ಇಳಿಸಿದ. "ಕಣ್ಣ ಮುಂದೆ ಬೆಳ್ದೋಳು ನೀನು. ನಾವು ಆಂಜಿ ಅನ್ನೋದು ಪ್ರೀತಿಗೆ ಕಣೇ."

ಆಂಜಿನಮ್ಮನಿಗೆ ಅದು ಸುಳ್ಳೆಂದು ತೋರಲಿಲ್ಲ. ಅದಕ್ಕೇ ಅವಳು ಅದನ್ನು ನಿಜವಾಗಿಯೂ ಯೋಚಿಸಿ ನೋಡಿದಳು. ಯೋಚಿಸಿದ ಮೇಲೆ, ತಿಳಿದುಕೊಳ್ಳುವುದಕ್ಕೆಂದೇ ಕೇಳಿದಳು:

"ಹಂಗಾದ್ರೆ ಪ್ರೀತಿಗೆ ನಾನೂ ನಿಮ್ಮನ್ನ ನರಸಿಂಗ ಅಂತ ಕರೀಲಾ ಸ್ವಾಮಿ?"

ಎಲ್ಲಿಂದಲೋ ಕಿಸಕ್ಕನೆ ನಗು ಕೇಳಿಸಿತು. ದೇವರಾಯಸಮುದ್ರದ ಕಡೆಯ ಹಳ್ಳಿಯಿಂದ ಗೆದ್ದುಬಂದಿದ್ದ ಗಂಗರತ್ನಮ್ಮ. ಮೂರು ಮೀಟಿಂಗಿನಲ್ಲೂ ಬಾಯಿ ಬಿಡದೆ ತಲೆಯ ಮೇಲೆ ಸೆರಗೆಳೆದು ಕೂತಿದ್ದವಳು ಈಗ ಅದೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯಲಾರದೆ ಅಲುಗುತ್ತಿದ್ದಳು.

ನರಸಿಂಹಪ್ಪನ ಮುಖ ಕೆಂಪೇರಿತು. ಸಿಟ್ಟು ಬಂದಾಗ ಅವನ ನಾಲಿಗೆಗೆ ಮನೆಯ ತೆಲುಗು ಹೊರಳುತ್ತಿತ್ತು. "ಎವರೇ ನೀಕು ಇದಂತಾ ನೇರ್ಪಿಂಚಿಂದಿ?" ಎಂದು ಗದರಿದ. ಯಾರೇ ನಿನಗೆ ಇದನ್ನೆಲ್ಲ ಕಲಿಸಿದ್ದು?

"ನೀವೇ ಸ್ವಾಮಿ. ಮೆಂಬರು ಮಾಡಿದ್ದು ನೀವೇ ಅಲ್ವಾ?"

"ಸುಬ್ಬರಾಯಪ್ಪ!" ನರಸಿಂಹಪ್ಪ ಮೇಜು ಗುದ್ದಿದ. "ಹಟ್ಟಿ ಬೋರು ಹೊಡ್ದಾಕು. ಎರಡೇ ಬೋರು ಅಂತ ಬರಿ. ಹೆಸ್ರು ಕುಡ್ಕೊಂಡು ಬದುಕ್ಲಿ."

ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಮುದುಕ ಆವಲಪ್ಪ ಗಾಬರಿಯಾದ. ಪಕ್ಕದ ಹಳ್ಳಿಯ ಕಾಲನಿಯ ಮೆಂಬರು ಅವನು. ಕುರ್ಚಿ ಖಾಲಿ ಇದ್ದರೂ ಯಾವತ್ತೂ ಕೂತವನಲ್ಲ. "ಸುಮ್ನಿರಮ್ಮಾ" ಎಂದ ಮೆಲ್ಲಗೆ. "ನೀರು ಹೋಗ್ತದೆ. ಒತ್ತಿಬಿಡು ತಾಯಿ. ಹೆಸರು ಏನಿದ್ರೇನು, ನಮ್ಮನ್ನ ಹಂಗೇ ತಾನೆ ಕರೆಯೋದು?"

ಕಿಟಕಿಯಲ್ಲಿ ಗಂಡನ ಮುಖ ಕಾಣಿಸಿತು. ಅವನು ಸರಳು ಹಿಡಿದುಕೊಂಡು, ಹೆಬ್ಬೆರಳನ್ನು ಅಂಗೈಗೆ ಒತ್ತಿ ಒತ್ತಿ ತೋರಿಸುತ್ತಿದ್ದ.

ಅವಳ ಕಣ್ಣ ಮುಂದೆ ಊರಬಾವಿಯ ಕಟ್ಟೆ ಬಂತು. ಬೆಳಿಗ್ಗೆ ಹೊತ್ತಿಗೆ ಮುಂಚೆ ಹೋಗಿ ಬಿಂದಿಗೆಗಳನ್ನು ಸಾಲಾಗಿಟ್ಟು ದೂರ ನಿಲ್ಲುವುದು. ನೀರು ಸೇದಲು ಬಂದವರಲ್ಲಿ ಯಾರಿಗಾದರೂ ಪುರುಸೊತ್ತಾಗಿ, ಮನಸ್ಸಾಗಿ, ತಮ್ಮ ಕೊಡದಿಂದ ಎತ್ತಿ ಸುರಿಯುವವರೆಗೂ ಕಾಯುವುದು. "ಒಂದ್ ಬಿಂದಿಗೆ ಹಾಕಿ ಬುದ್ಧಿ" ಎಂದು ಎಷ್ಟು ವರ್ಷ ಕೂಗಿದ್ದಳು! ಆ ಬುದ್ಧಿ ಎನ್ನುವ ಮಾತು ನಾಲಿಗೆಯ ಮೇಲೆ ಸವೆದು ನುಣ್ಣಗಾಗಿತ್ತು. ಈಗ ಹೆಬ್ಬೆಟ್ಟು ಒತ್ತಿದರೆ ನೀರು ಬರುತ್ತದೆ, ಸರಿ. ಆದರೆ ಆ ನೀರೂ ಸುರಿಸಿಕೊಂಡ ನೀರೇ ಆಗುತ್ತದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಬೆಂಚಿನ ಅಂಚು ಬಿಟ್ಟಳು.

"ಹೊಡ್ದಾಕಿ ಸ್ವಾಮಿ" ಎಂದಳು. "ಆದ್ರೆ ಹೊಡ್ದಾಕಕ್ಕೂ ಮೀಟಿಂಗ್ ಆಗ್ಬೇಕಲ್ಲ? ಮೀಟಿಂಗ್ ಆಗ್ಬೇಕು ಅಂದ್ರೆ ಒಂಬತ್ತು ಜನ ಬೇಕು ಅಂತ ಸೆಕ್ರೆಟರಿನೋರೇ ಹೇಳಿದ್ರು. ಎಂಟೇ ಜನ ಇದ್ದೀರ. ಮೂರ್ ಬೋರೂ ಹೋಗ್ತಾವೆ. ನಿಮ್ಮ ಬೀದೀದೂ ಹೋಗ್ತದೆ."

ಎಲ್ಲರೂ ಗೋಡೆಯ ಗಡಿಯಾರ ನೋಡಿದರು. ಮೂರು ಗಂಟೆ ಇಪ್ಪತ್ತು ನಿಮಿಷ.

ಗಂಗರತ್ನಮ್ಮ ನಗು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಎಂಟಲ್ಲ, ಏಳು. ಆಯಮ್ಮನ ಹೆಸ್ರು ನೆಟ್ಟಗೆ ಬರೆಯೋ ತನಕ ನಾನೂ ಬಂದಿಲ್ಲ ಅಂತ ಬರ್ಕೊಳ್ಳಿ ಸೆಕ್ರೆಟರೀ. ನನ್ ಸೈನ್ ಹೊಡ್ದಾಕಿ."

"ನೀನ್ಯಾಕಮ್ಮ ಮಧ್ಯೆ?" ಎಂದ ಪ್ರಧಾನ.

"ನಮ್ಮ ಮನೇಲಿ ನನ್ನ ಲೇ ಅಂತ್ಲೇ ಕರೆಯೋದು ಇಪ್ಪತ್ತು ವರ್ಷದಿಂದ. ಇಲ್ಲಿಗೆ ಬಂದ್ರೆ ಒಂದು ಹೆಸರಾದ್ರೂ ಐತಲ್ಲ ಅಂತ ಬರ್ತೀನಿ ನಾನು" ಎಂದಳು ಗಂಗರತ್ನಮ್ಮ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ನರಸಿಂಹಪ್ಪ ಉಳಿದವರ ಮುಖ ನೋಡಿದ. ಒಬ್ಬ ಉಗುರು ನೋಡಿಕೊಳ್ಳುತ್ತಿದ್ದ, ಒಬ್ಬ ಕಿಟಕಿಯಾಚೆ ರಸ್ತೆ ನೋಡುತ್ತಿದ್ದ. ಸ್ಕೂಲಿನ ಬೋರಿಗಾಗಿ ಆರು ತಿಂಗಳಿಂದ ಓಡಾಡಿದ್ದ ಮೆಂಬರೊಬ್ಬ, "ಬಸ್ಸು ಹೊಂಟೋಗ್ತದೆ ಅಣ್ಣಾ. ಒಂದ್ ಹೆಸರು ತಾನೆ, ಬರೀಲಿ ಬಿಡಿ" ಎಂದ. ಪ್ರಧಾನ ಕುರ್ಚಿಗೆ ಒರಗಿ, ಕೈಯಿಂದ ಗಾಳಿಯನ್ನು ತಳ್ಳಿದ.

"ಬರಿ, ಬರಿ. ಅದೇನ್ ಹೇಳ್ತಾಳೋ ಬರಿ."

"ಹೇಳ್ತಾರೋ" ಎಂದಳು ಗಂಗರತ್ನಮ್ಮ, ಯಾರಿಗೂ ಅಲ್ಲವೆಂಬಂತೆ.

ಸುಬ್ಬರಾಯಪ್ಪ ಬೆಂಚಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತ. ಅವಳ ಪಕ್ಕದಲ್ಲೇ ಕೂತಿದ್ದೇನೆಂದು ಅವನಿಗೂ ಆಗ ತಿಳಿಯಲಿಲ್ಲ. ಹದಿಮೂರನೆಯ ಸಾಲಿಗೆ ಅಡ್ಡಗೆರೆ ಎಳೆದು, ಮೇಲೆ 'ಶ್ರೀಮತಿ ಆಂಜಿನಮ್ಮನವರು' ಎಂದು ಬರೆದ. ಕೋಂ ಎಂದು ಬರೆದು ನಿಲ್ಲಿಸಿದ.

"ಗಂಡನ ಹೆಸರು ಪೂರ್ತಿ ಹೇಳು..." ಎಂದವನು, ಬರೆದ ಅಕ್ಷರ ಇನ್ನೂ ಹಸಿಯಾಗಿ ಮಿನುಗುತ್ತಿರುವುದನ್ನು ನೋಡಿ, "ಹೇಳಮ್ಮ" ಎಂದ.

ಅವಳು ಪಕ್ಕಕ್ಕೆ ತಿರುಗಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ಹೇಳಿದ್ದಳು. ಯಾರಾದರೂ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದಳು. ಪಕ್ಕದವರು "ಯಲ್ಲಿಗ" ಎನ್ನುತ್ತಿದ್ದರು. ಈಗ ಅವಳ ಪಕ್ಕದಲ್ಲಿ ಇದ್ದದ್ದು ಸೆಕ್ರೆಟರಿ, ಅವನ ಪೆನ್ನು. ತಾನು ಹೇಳದಿದ್ದರೆ ಇನ್ನಾರು ಹೇಳುತ್ತಾರೆ?

"ಮುನಿಯಲ್ಲಪ್ಪ" ಎಂದಳು. ಮೊದಲನೆಯ ಸಲ ದನಿ ಹೊರಡಲಿಲ್ಲ. ಇಡೀ ಆಫೀಸಿಗೆ ಕೇಳಿಸುವಂತೆ ಮತ್ತೆ ಹೇಳಿದಳು. "ಮುನಿಯಲ್ಲಪ್ಪ."

ಕಿಟಕಿಯ ಸರಳು ಹಿಡಿದಿದ್ದ ಕೈ ಸಡಿಲವಾಯಿತು. ಹೊರಗಿದ್ದವನು ತಲೆಯ ಮೇಲಿನ ಟವೆಲು ತೆಗೆದು ಕೊಡವಿ, ಮಡಿಸಿ, ಹೆಗಲ ಮೇಲೆ ಹಾಕಿಕೊಂಡು ನಿಂತ.

ಆಂಜಿನಮ್ಮ ಸಹಿ ಹಾಕಲು ತುಂಬ ಹೊತ್ತು ತೆಗೆದುಕೊಂಡಳು. ಯಾರೂ ಅವಸರ ಮಾಡಲಿಲ್ಲ. ಪೆನ್ನು ಎರಡು ಕಡೆ ಕಾಗದಕ್ಕೆ ಕಚ್ಚಿಕೊಂಡಿತು. ಕೊನೆಯ ಒತ್ತನ್ನು ಅವಳು ಉಸಿರು ಬಿಗಿಹಿಡಿದು ಕೆಳಕ್ಕೆಳೆದು, ಬಲಕ್ಕೆ ತಿರುಗಿಸಿ ಬಿಟ್ಟಾಗ ಅದು ಕೆಳಗಿನ ಗೆರೆ ದಾಟಿ ಹದಿನಾಲ್ಕನೆಯ ಸಾಲಿಗೂ ಇಳಿದಿತ್ತು.

ಸುಬ್ಬರಾಯಪ್ಪ ಪುಸ್ತಕ ಮಡಚಬೇಕು, ಅಷ್ಟರಲ್ಲಿ ನೆಲದ ಮೇಲಿದ್ದ ಆವಲಪ್ಪ ಕೈಯೆತ್ತಿದ.

"ನಂದೂ ಒಸಿ ಓದಪ್ಪಾ. ಏನಂತ ಬರ್ದಿದ್ದೀಯ?"

"ಆವಲ ಬಿನ್ ಚಿನ್ನಿಗ."

ಮುದುಕ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದ. "ಆವಲಪ್ಪ ಅಂತ ಮಾಡು. ನಮ್ಮಪ್ಪ ಚಿನ್ನಪ್ಪ. ಅವನು ಸತ್ತು ಮೂವತ್ತು ವರ್ಷ ಆಯ್ತು, ಅದೂ ಬರೀಬೋದಾ?"

"ಬರೀಬೋದು" ಎಂದ ಸುಬ್ಬರಾಯಪ್ಪ. ಬರೆಯುತ್ತಿದ್ದವನ ಹಿಂದೆ ಆವಲಪ್ಪ ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಬೆನ್ನು ಒರಗಿಸಲು ಮಾತ್ರ ಇನ್ನೂ ಧೈರ್ಯ ಬಂದಿರಲಿಲ್ಲ.

ಮೀಟಿಂಗು ಹತ್ತೇ ನಿಮಿಷದಲ್ಲಿ ಮುಗಿಯಿತು. ತೀರ್ಮಾನವನ್ನು ಬರೆಯುತ್ತ ಓದುತ್ತಿದ್ದ ಸುಬ್ಬರಾಯಪ್ಪ ಮೂರನೆಯ ಬೋರಿನ ಜಾಗಕ್ಕೆ ಬಂದಾಗ, ಕೈ ತಾನಾಗಿ ಬರೆದಿದ್ದ ಹಳೆಯ ಜಾತಿಗೇರಿಯ ಹೆಸರನ್ನು ಕಂಡು ಒಂದು ಕ್ಷಣ ತಡೆದ. ಯಾರೂ ಏನೂ ಹೇಳಿರಲಿಲ್ಲ. ಅವನೇ ಅದನ್ನು ಹೊಡೆದುಹಾಕಿ 'ಜನತಾ ಕಾಲನಿ' ಎಂದು ಬರೆದು, ಮುಂದಕ್ಕೆ ಓದಿದ. ಕಾಗದ ಲಕೋಟೆ ಸೇರಿ, ಲಕೋಟೆ ಕಂಡಕ್ಟರನ ಕೈ ಸೇರಿದಾಗ ಬಸ್ಸು ಆಗಲೇ ಹೊರಟು ಹತ್ತು ಮಾರು ಹೋಗಿತ್ತು.

ಕೆರೆ ಏರಿಯ ಮೇಲೆ ಗಂಡ ಹೆಂಡತಿ ನಡೆದು ಬಂದರು. ಅರ್ಧ ದಾರಿಗೆ ಬಂದಾಗ ಅವನು ಮಾತು ತೆಗೆದ.

"ನನ್ ಹೆಸ್ರು ಹೇಳ್ಬಿಟ್ಯಲ್ಲೇ ಅಷ್ಟು ಜನದ ಮುಂದೆ."

"ಹೇಳ್ದೆ."

"ಎರಡ್ ಸಲ."

"ಮೊದಲ್ನೇದು ಸರಿಯಾಗಿ ಕೇಳಿಸ್ಲಿಲ್ಲ."

ಇನ್ನಷ್ಟು ದೂರ ನಡೆದ ಮೇಲೆ ಅವನು ಕೆರೆಯ ಕಡೆ ನೋಡುತ್ತ, "ಇನ್ನೊಂದ್ ಸಲ ಹೇಳು" ಎಂದ.

"ಥೂ, ಹೋಗು" ಎಂದು ಅವಳು ನಕ್ಕಳು. ಅವನೂ ನಕ್ಕ. ಎದುರಿಗೆ ರಾಗಿ ಹೊಲದಿಂದ ಬರುತ್ತಿದ್ದ ಹೆಂಗಸರು, ಇವರಿಬ್ಬರಿಗೆ ಏನಾಯಿತೆಂದು ನಿಂತು ನೋಡಿದರು.

ಮಾರನೆಯ ದಿನ ಅವಳು ಎಂದಿನ ಹೊತ್ತಿಗೇ ತೋಟಕ್ಕೆ ಹೋದಳು. ವೆಂಕಟರತ್ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತೇವವಾಗಿತ್ತು.

"ನಾವು ನಿಂಗೇನು ಕಮ್ಮಿ ಮಾಡಿದ್ವಿ? ಮನೆ ಮಗಳ ಥರ ನೋಡ್ಕೊಂಡ್ವಲ್ಲ!"

"ಕಮ್ಮಿ ಮಾಡಿಲ್ಲಮ್ಮ. ಸೀರೆ ಕೊಟ್ಟಿದ್ದೀರ, ಔಷಧಿ ಕೊಟ್ಟಿದ್ದೀರ. ನಾನೇನೂ ಮರ್ತಿಲ್ಲ" ಎಂದಳು ಆಂಜಿನಮ್ಮ. "ಹೆಸರು ಮಾತ್ರ ನಮ್ಮಪ್ಪ ಕೊಟ್ಟಿದ್ದು."

ವೆಂಕಟರತ್ನಮ್ಮ ಏನೋ ಹೇಳಲು "ಆಂ..." ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದಳು. ಆವತ್ತಿನಿಂದ ಆ ಹೆಂಗಸು ಅವಳನ್ನು ಹಳೆಯ ಹೆಸರಿನಿಂದಲೂ ಕರೆಯಲಿಲ್ಲ, ಹೊಸದರಿಂದಲೂ ಕರೆಯಲಿಲ್ಲ. "ನೋಡಿಲ್ಲಿ", "ಕೇಳಿಸ್ತಾ" ಎನ್ನುತ್ತಿದ್ದಳು. ಹದಿನೈದು ದಿನ ಕಳೆದು ನರಸಿಂಹಪ್ಪ ಮೇಸ್ತ್ರಿಯ ಕೈಲಿ ಇನ್ನು ಬರುವುದು ಬೇಡವೆಂದು ಹೇಳಿಕಳಿಸಿದ. ಆಂಜಿನಮ್ಮ ಬುಟ್ಟಿ ಎತ್ತಿಕೊಂಡು ಗಂಗರತ್ನಮ್ಮನ ಟೊಮೇಟೊ ತೋಟಕ್ಕೆ ಹೋದಳು. ಎರಡು ಮೈಲಿ ಜಾಸ್ತಿ ನಡಿಗೆ, ನಡೆದಳು.

ಬೋರ್ ಲಾರಿ ಬಂದದ್ದು ಆಷಾಢದ ಒಂದು ಬೆಳಿಗ್ಗೆ. ತಾಯಲೂರು ಕಡೆಯಿಂದ ಧಡಧಡ ಸದ್ದು ಮಾಡುತ್ತ ಬಂದು ಬಸ್‌ಸ್ಟಾಪಿನ ಟೀ ಅಂಗಡಿಯ ಮುಂದೆ ನಿಂತಿತು. ಡ್ರೈವರು ತಲೆ ಹೊರಹಾಕಿ, ಕೈಯಲ್ಲಿದ್ದ ಕಾಗದ ನೋಡಿ ಕೂಗಿದ.

"ಶ್ರೀಮತಿ ಆಂಜಿನಮ್ಮನೋರ ಮನೆ ಎಲ್ಲಿ ಬರ್ತದಣ್ಣ? ಜಾಗ ತೋರಿಸಕ್ಕೆ ಅವರನ್ನ ಕೇಳು ಅಂದವ್ರೆ."

ಟೀ ಅಂಗಡಿಯ ರಾಮಚಂದ್ರಪ್ಪ ಸೋಸುತ್ತಿದ್ದ ಕೈ ನಿಲ್ಲಿಸಿ ಯೋಚಿಸಿದ. ಆ ಹೆಸರಿನವರು ಊರಲ್ಲಿ ಯಾರು? ಮೇಲಿನ ಬೀದಿ, ಕೆಳಗಿನ ಬೀದಿ, ದೇವಸ್ಥಾನದ ಬೀದಿ, ಎಲ್ಲ ಮನೆಗಳನ್ನೂ ಮನಸ್ಸಿನಲ್ಲೇ ಸುತ್ತಿಬಂದ. ಆಮೇಲೆ ಹೊಳೆಯಿತು. ಬೆಂಚಿನ ಮೇಲೆ ಕೂತಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ಆಂಜಿನಮ್ಮನೋರಾ?" ಎಂದ ರಾಮಚಂದ್ರಪ್ಪ. ಬಾಯಿಗೆ ಹೊಸ ರುಚಿ ಸಿಕ್ಕಂತೆ ಒಂದು ಗಳಿಗೆ ತಡೆದು, ಜರಡಿ ಹಿಡಿದ ಕೈಯನ್ನೇ ಕಾಲನಿಯ ಕಡೆಗೆ ಚಾಚಿದ. "ನೆಟ್ಟಗೆ ಹೋಗಿ. ಹುಣಿಸೇಮರ ದಾಟಿದ ಮೇಲೆ ಎಡಗಡೆ."

ಹತ್ತು ಗಂಟೆಗೆ ಕೊರೆಯಲು ಶುರುಮಾಡಿದರು. ಆಂಜಿನಮ್ಮ ತೋರಿಸಿದ ಕಡೆ, ನಾಲ್ಕು ಬೀದಿ ಕೂಡುವಲ್ಲಿ. ಕಾಲನಿಯವರೆಲ್ಲ ಸುತ್ತ ನಿಂತರು. ಸದ್ದು ಕೇಳಿ ಊರಿನ ಕಡೆಯಿಂದಲೂ ಮಂದಿ ಬಂದು ನಿಂತರು. ಕಲ್ಲಿನ ಬಿಳಿ ದೂಳು ಹೊಗೆಯಂತೆ ಎದ್ದು ಹೆಂಚು, ಬೇಲಿ, ಕೋಳಿ, ಮಕ್ಕಳು, ಬಿಂದಿಗೆ ಎಲ್ಲದರ ಮೇಲೂ ಇಳಿಯಿತು. ಯಾರಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ. ದೊಡ್ಡಮುನಿಯಮ್ಮ ಕಿವಿ ಮುಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಳು. ನೂರು ಅಡಿ, ನೂರೈವತ್ತು, ಇನ್ನೂರು. ಬರೀ ದೂಳು. ಮುನಿಯಲ್ಲಪ್ಪ ಎರಡು ಸಲ ಹೆಂಡತಿಯ ಮುಖ ನೋಡಿದ. ಅವಳು ಕದಲಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಲಾರಿಯವನು ಕೈಯೆತ್ತಿ ಏನೋ ಕೂಗಿದ. ಬಿಳಿಯಾಗಿ ಚಿಮ್ಮುತ್ತಿದ್ದ ದೂಳು ನೀರಿಗೆ ನೆನೆದು ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಾಗಿ, ಭಾರವಾಗಿ, ಮುದ್ದೆಮುದ್ದೆಯಾಗಿ ಬಿದ್ದು ಅವಳ ಕಾಲ ಬೆರಳುಗಳ ಸಂದಿಗೆ ತಣ್ಣಗೆ ಇಳಿಯಿತು.